ಮನೆಯಲ್ಲಿ ‘ಏನೋ ಉಂಟು’ ಅಂದರೆ: ತನಿಖೆ ಎಲ್ಲಿಂದ ಶುರು ಮಾಡಬೇಕು

ಮಂಗಳೂರು, ಉಡುಪಿ ಕಡೆ ಮಳೆ ಹಿಡಿದ ಮೇಲೆ ನನ್ನಂಥ ವೈರಿಂಗ್ ಕೆಲಸದವರಿಗೆ ಒಂದು ಬಗೆಯ ಫೋನ್ ಬಂದೇ ಬರುತ್ತದೆ. “ಸ್ವಿಚ್ ಆಫ್ ಇದ್ರೂ ಲೈಟ್ ಮಿನುಗ್ತದೆ, ಒಮ್ಮೆ ಬಂದು ನೋಡ್ತೀರಾ?” ಹೋದ ಮೇಲೆ ಗೊತ್ತಾಗುತ್ತದೆ, ಲೈಟ್ ಬರೀ ನೆಪ. ಮಹಡಿಯಲ್ಲಿ ಯಾರೋ ನಡೆದ ಹಾಗೆ ಕೇಳುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ, ಅಜ್ಜಿಗೆ ಮೂಲೆಯಲ್ಲಿ ಯಾರೋ ಕಾಣಿಸುತ್ತಾರೆ. ಯಾರ ಹತ್ತಿರ ಹೇಳುವುದು ಅಂತ ಗೊತ್ತಾಗದೆ ಎಲೆಕ್ಟ್ರಿಶಿಯನ್‌ನನ್ನು ಕರೆದಿರುತ್ತಾರೆ.

ದೆವ್ವ ಇದೆಯೋ ಇಲ್ಲವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಮನೆಯವರಿಗೆ ಆಗುತ್ತಿರುವ ತೊಂದರೆ ನಿಜ. ನಿದ್ದೆ ಕೆಟ್ಟಿರುವುದು ನಿಜ, ಮಕ್ಕಳು ಹೆದರಿರುವುದು ನಿಜ. ಕಾರಣವನ್ನು ಮಾತ್ರ ಒಂದೊಂದಾಗಿ ನೋಡುತ್ತಾ ಹೋಗಬೇಕು. ಅದಕ್ಕೊಂದು ಕ್ರಮ ಬೇಕು. ಇವತ್ತು ರಾತ್ರಿಯೇ ಜೀವ ತೆಗೆಯಬಹುದಾದದ್ದು ಮೊದಲು. ಆಮೇಲೆ ಮನೆಯ ಜನ. ಆಮೇಲೆ ಕಟ್ಟಡ. ಕ್ಯಾಮೆರಾ, ಮೀಟರ್ ಎಲ್ಲ ಕೊನೆಗೆ. ಆಸಕ್ತಿಯಿಂದ ಈ ಕೆಲಸಕ್ಕೆ ಇಳಿಯುವ ಹುಡುಗರು ಜಾಸ್ತಿ ಕೊನೆಯಿಂದಲೇ ಶುರು ಮಾಡುತ್ತಾರೆ. ಅವರಿಗಾಗಿ, ಮತ್ತು ಹೆದರಿ ಕೂತಿರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಲಿಡುವ ಮೊದಲು

ಮನೆಯ ಯಜಮಾನರ ಒಪ್ಪಿಗೆ ಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಪಾಳು ಮನೆ, ಮುಚ್ಚಿದ ಹಂಚಿನ ಕಾರ್ಖಾನೆ, ಯಾರೂ ಇಲ್ಲದ ಬಂಗಲೆ ಅಂತ ಸುಮ್ನೆ ನುಗ್ಗಬೇಡಿ. ಅದು ಅಕ್ರಮ ಪ್ರವೇಶ. ಅದಕ್ಕಿಂತ ದೊಡ್ಡ ಅಪಾಯ ಕಾಲಡಿಗೆ ಇರುತ್ತದೆ: ಕಟ್ಟೆ ಇಲ್ಲದ ಬಾವಿ, ಗೆದ್ದಲು ತಿಂದ ಅಟ್ಟದ ಹಲಗೆ, ನಾಗರಹಾವು, ಕೊಳಕುಮಂಡಲ. ಮಳೆಗಾಲದಲ್ಲಿ ಇಲಿ ಓಡಾಡಿದ ನೀರಿನಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರ ಬರಬಹುದು. ಬಾವಿಯೊಳಗಿಂದ ಸದ್ದು ಬರುತ್ತದೆ ಅಂತ ಯಾರನ್ನೂ ಕೆಳಗೆ ಇಳಿಸಬೇಡಿ. ಬಳಸದ ಬಾವಿಯ ತಳದಲ್ಲಿ ಆಮ್ಲಜನಕ ಇಲ್ಲದೆ ಇಳಿದವರು, ಅವರನ್ನು ಎತ್ತಲು ಹೋದವರು, ಇಬ್ಬರೂ ಸಾಯುವುದುಂಟು.

ಮೊದಲ ಭೇಟಿ ಹಗಲಲ್ಲೇ ಆಗಲಿ. ಹಗಲಲ್ಲಿ ಮನೆಯ ಗುರುತು ಸಿಕ್ಕದಿದ್ದರೆ ರಾತ್ರಿ ಕಂಡದ್ದೆಲ್ಲ ವಿಚಿತ್ರವಾಗಿಯೇ ಕಾಣುತ್ತದೆ.

ನಮ್ಮ ಊರಿಗೆ ಮಾತ್ರ ಸಂಬಂಧಪಟ್ಟ ಒಂದು ಮಾತು. ಇಲ್ಲಿ ದೈವ ಬೇರೆ, ನಾಗ ಬೇರೆ, ಕುಲೆ (ತೀರಿಹೋದವರ ಆತ್ಮ) ಬೇರೆ. ಹೊರಗಿನಿಂದ ಬಂದವರು ಎಲ್ಲವನ್ನೂ ‘ಭೂತ’ ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ. ಮನೆಯವರು ನಂಬಿ ನಡೆದುಕೊಂಡು ಬಂದ ದೈವದ ಕೋಣೆ, ನಾಗಬನ, ತೀರಿಹೋದ ಹಿರಿಯರಿಗೆ ತುಳುವರ ಆಟಿ ತಿಂಗಳಲ್ಲಿ ಬಡಿಸುವ ಜಾಗ, ಇವು ನಮ್ಮ ತನಿಖೆಯ ವಸ್ತುಗಳಲ್ಲ. ಅಲ್ಲಿಗೆ ಮೀಟರ್ ಒಯ್ಯಬೇಡಿ, ವಿಡಿಯೋ ಮಾಡಬೇಡಿ. ಪ್ರಶ್ನೆ ಇಡಿಸಬೇಕೋ (ಜ್ಯೋತಿಷಿಯಿಂದ ಕಾರಣ ಕೇಳಿಸಬೇಕೋ) ಬೇಡವೋ ಎಂಬುದು ಮನೆಯವರ ತೀರ್ಮಾನ. “ಅದು ಮಾಡುವುದಾದರೂ ಇದನ್ನೂ ಒಮ್ಮೆ ನೋಡಿಬಿಡುವ” ಅಂತ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಇವತ್ತೇ ನೋಡಬೇಕಾದ ಎರಡು

ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಉರಿಯುವಲ್ಲೆಲ್ಲ ಹುಟ್ಟುತ್ತದೆ. ತಲೆನೋವು, ವಾಕರಿಕೆ, ಸುಸ್ತು, ಎದೆ ಒತ್ತಿದ ಹಾಗೆ, ಯಾರೋ ಹತ್ತಿರ ನಿಂತ ಹಾಗೆ ಅನ್ನಿಸುವುದು, ಎಲ್ಲ ಇದರಿಂದ ಆಗಬಹುದು. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಕಥೆ ಬರೆದರು. ಹಳೇ ಮನೆಗೆ ಹೋದ ಮೇಲೆ ಅವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ಹಿಂದೆ ಬಂದ ಹಾಗೆ ಆಗುತ್ತಿತ್ತು, ಮಕ್ಕಳು ಬಿಳಿಚಿಕೊಂಡಿದ್ದರು, ಕುಂಡದ ಗಿಡಗಳು ಸತ್ತಿದ್ದವು. ಮನೆ ಬಿಸಿ ಮಾಡುವ ಕುಲುಮೆ ಹಾಳಾಗಿ ಹೊಗೆ ಕೋಣೆಗಳಿಗೇ ಬರುತ್ತಿತ್ತು. ಅದನ್ನು ಸರಿ ಮಾಡಿಸಿದ ಮೇಲೆ ಎಲ್ಲವೂ ನಿಂತುಹೋಯಿತು.

ನಮ್ಮಲ್ಲಿ ಅಂಥ ಕುಲುಮೆ ಇಲ್ಲ. ಆದರೆ ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಕರೆಂಟ್ ಹೋದಾಗ ಸಿಟೌಟಿನಲ್ಲಿ ಓಡುವ ಜನರೇಟರ್ ಇದೆ. ಬಾಗಿಲು ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡ ಇದೆ. “ತೊಂದರೆ ಎಲ್ಲರಿಗೂ ಒಟ್ಟಿಗೆ ಆಗ್ತದಾ? ಮನೆ ಬಿಟ್ಟು ಹೊರಗೆ ಹೋದರೆ ಕಡಿಮೆ ಆಗ್ತದಾ?” ಎರಡಕ್ಕೂ ಹೌದು ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ತನ್ನಿ, ಉರಿಯುತ್ತಿರುವುದನ್ನು ಆರಿಸಿ, ತಲೆ ಸುತ್ತುತ್ತಿರುವವರನ್ನು ಆಸ್ಪತ್ರೆಗೆ ಕಳಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ತನಿಖೆಯ ಚೀಲದಲ್ಲಿ ಒಂದೇ ಒಂದು ಉಪಕರಣ ಇಡಬಹುದು ಅಂದರೆ ನಾನು ಇದನ್ನೇ ಇಡುತ್ತೇನೆ.

ಎರಡನೆಯದು ಕರೆಂಟ್ ಸೋರಿಕೆ. “ನಲ್ಲಿ ಮುಟ್ಟಿದರೆ ಯಾರೋ ಕೈ ಎಳೆದ ಹಾಗೆ ಆಗ್ತದೆ”, “ಗೋಡೆಗೆ ಒರಗಿದರೆ ಮೈ ಜುಮ್ಮೆನ್ನುತ್ತದೆ” ಅಂದರೆ ಅದು ಶಾಕ್. ಒಂದು ಮಳೆಗಾಲಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಊರು ನಮ್ಮದು. ಮುರಕಲ್ಲಿನ ಗೋಡೆ ನೀರು ಕುಡಿದಿರುತ್ತದೆ, ಅದರೊಳಗೆ ಹಳೇ ವೈರ್ ಇರುತ್ತದೆ. ಮೈನ್ ಆಫ್ ಮಾಡಿ ಎಲೆಕ್ಟ್ರಿಶಿಯನ್ ಕರೆಯಿರಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಮಿಕ್ಸಿ ಹಾಕಿದಾಗ ಒಂದು ಕೋಣೆಯ ಲೈಟ್ ಮಂಕಾಗಿ ಇನ್ನೊಂದು ಕೋಣೆಯದು ಕಣ್ಣು ಕುಕ್ಕುವಷ್ಟು ಉರಿದರೆ ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ವೈರ್) ಸಡಿಲ ಆಗಿದೆ ಎಂದೇ ಅನುಮಾನಿಸಿ. ಅದನ್ನೂ ನಾಳೆಗೆ ಬಿಡುವ ಹಾಗಿಲ್ಲ.

ಕೇಳುವ ರೀತಿ

ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬಾರದು. ಒಬ್ಬರು “ಬಿಳಿ ಸೀರೆ” ಅಂದ ಕೂಡಲೇ ಉಳಿದವರ ನೆನಪಿಗೂ ಬಿಳಿ ಸೀರೆ ಸೇರಿಕೊಳ್ಳುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ನೆನಪು ಕೆಲಸ ಮಾಡುವುದೇ ಹಾಗೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿ. “ದೆವ್ವ ಕಂಡಿತಾ?” ಅಂತ ಕೇಳಬೇಡಿ. “ಆವತ್ತು ಎಂತ ಆಯ್ತು, ಮೊದಲಿಂದ ಹೇಳಿ ಅಕ್ಕ” ಅನ್ನಿ. ಆಮೇಲೆ ಬಾಯಿ ಮುಚ್ಚಿ ಕೂತು ಬರೆದುಕೊಳ್ಳಿ.

ಮನೆಯವರಿಗೆ ಒಂದು ನೋಟ್‌ಬುಕ್ ಕೊಟ್ಟು ಬನ್ನಿ. ದಿನಾಂಕ, ಗಂಟೆ, ಯಾವ ಕೋಣೆ, ಯಾರು ಯಾರು ಇದ್ದರು, ಮಳೆಯೋ ಬಿಸಿಲೋ, ಕರೆಂಟ್ ಇತ್ತೋ ಇಲ್ಲವೋ, ಪಂಪ್ ಓಡುತ್ತಿತ್ತೋ. ಕೆಲವು ವಾರ ಹೀಗೆ ಬರೆದರೆ ಸಾಕು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೂರುಗಳು ಈ ನೋಟ್‌ಬುಕ್‌ನಲ್ಲೇ ಬಿಚ್ಚಿಕೊಳ್ಳುತ್ತವೆ. ಸದ್ದು ಯಾವಾಗಲೂ ಸಂಜೆ ಬಿಸಿಲು ಇಳಿದ ಮೇಲೆ, ಇಲ್ಲವೇ ಯಾವಾಗಲೂ ಒಬ್ಬರೇ ಮನೆಯಲ್ಲಿ ಇದ್ದಾಗ, ಇಲ್ಲವೇ ಯಾವಾಗಲೂ ಕರೆಂಟ್ ಹೋಗಿ ಬಂದ ಮೇಲೆ. ದಾರಿ ಅಲ್ಲಿಂದಲೇ ಸಿಗುತ್ತದೆ.

ಜನರನ್ನು ನೋಡುವಾಗ

ಹೆಚ್ಚು ಜಾಗ್ರತೆ ಬೇಕಾದ ಭಾಗ ಇದು.

ರಾತ್ರಿ ಎಚ್ಚರ ಆಗುತ್ತದೆ, ಕೈಕಾಲು ಆಡಿಸಲು ಆಗುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ, ಕೂಗಿದರೆ ಸ್ವರ ಬರುವುದಿಲ್ಲ. ಇದು ನಿದ್ರಾ ಪಾರ್ಶ್ವವಾಯು. ಕನಸು ಬೀಳುವ ಹೊತ್ತಿನಲ್ಲಿ ಮೈಯ ಸ್ನಾಯುಗಳನ್ನು ಮಿದುಳು ಸಡಿಲ ಬಿಟ್ಟಿರುತ್ತದೆ. ಆ ಸ್ಥಿತಿ ಮುಗಿಯುವ ಮೊದಲೇ ಎಚ್ಚರ ಆದರೆ ಹೀಗಾಗುತ್ತದೆ. ನಿದ್ದೆಗೆಟ್ಟವರಿಗೆ, ರಾತ್ರಿ ಪಾಳಿ ಕೆಲಸದವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬಿಡುತ್ತದೆ. ಮಗ್ಗುಲಾಗಿ ಮಲಗಿ, ನಿದ್ದೆಯ ಹೊತ್ತು ಸರಿ ಮಾಡಿಕೊಳ್ಳಿ. ಪದೇ ಪದೇ ಆದರೆ ವೈದ್ಯರಿಗೆ ತೋರಿಸಿ.

ವಯಸ್ಸಾದವರಿಗೆ ಯಾರೋ ಕಾಣಿಸುತ್ತಾರೆ ಅಂದರೆ ಮೊದಲು ಅವರ ಕಣ್ಣಿನ ಬಗ್ಗೆ ವಿಚಾರಿಸಿ. ಒಂದು ಮನೆಯಲ್ಲಿ ಅಜ್ಜಿಗೆ ಮುಸ್ಸಂಜೆ ಹೊತ್ತು ಚಾವಡಿ ಮೂಲೆಯಲ್ಲಿ ಪುಟ್ಟ ಮಕ್ಕಳು ಕಾಣುತ್ತಿದ್ದರು. ಚಂದದ ಅಂಗಿ, ತಲೆಗೆ ಹೂ. ಮಾತಿಲ್ಲ, ಸದ್ದಿಲ್ಲ. ಮನೆಯವರು ಗಡಗಡ ನಡುಗುತ್ತಿದ್ದರು, ಅಜ್ಜಿಗೆ ಮಾತ್ರ ಏನೂ ಹೆದರಿಕೆ ಇರಲಿಲ್ಲ. “ಅವು ಬಂದು ಸುಮ್ನೆ ಕೂತ್ಕೊಳ್ತವೆ ಮಗಾ, ಪಾಪ” ಅನ್ನುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನಿಂದ ಸರಿಯಾದ ಸುದ್ದಿ ಬಾರದಿದ್ದಾಗ ಮಿದುಳು ತಾನೇ ಚಿತ್ರ ಮಾಡಿ ತುಂಬಿಸುತ್ತದೆ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅನ್ನುತ್ತಾರೆ. ಸ್ವಿಸ್ ವಿದ್ವಾಂಸ ಬಾನೆ 1760ರಲ್ಲಿ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟಿದ್ದ. ನಾನು ಅಜ್ಜಿಯ ಪಕ್ಕ ಕೂತು, “ಅಜ್ಜಿ, ನಿಮ್ಮ ತಲೆ ಸರಿಯಾಗೇ ಉಂಟು. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸುವ” ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಮನೆಯವರು ತನಗೆ ಹುಚ್ಚು ಅಂದುಕೊಂಡಿದ್ದಾರೆ ಎಂಬುದೇ ಅವರ ದೊಡ್ಡ ಸಂಕಟವಾಗಿತ್ತು.

ಆದರೆ ಈ ಕಾಣುವಿಕೆ ಒಂದೆರಡು ದಿನದಲ್ಲಿ ದಿಢೀರನೆ ಶುರುವಾಗಿ, ಜೊತೆಗೆ ಮಾತು ತಡವರಿಸಿದರೆ, ಹಗಲು ರಾತ್ರಿ ಗೊತ್ತಾಗದಿದ್ದರೆ, ಜ್ವರ ಇದ್ದರೆ, ಆವತ್ತೇ ಆಸ್ಪತ್ರೆಗೆ ಒಯ್ಯಬೇಕು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು ವಯಸ್ಸಾದವರನ್ನು ಹೀಗೆ ಗಲಿಬಿಲಿ ಮಾಡುತ್ತದೆ. ಬಾಣಂತಿಯ ವಿಷಯದಲ್ಲಂತೂ ಒಂದು ದಿನವೂ ಕಾಯಬೇಡಿ. ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆ ಇಲ್ಲದೆ, ಇಲ್ಲದ ಧ್ವನಿ ಕೇಳಿ, ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡುತ್ತಿದ್ದರೆ ಅದು ತುರ್ತು ಕಾಯಿಲೆ. ತಾಯಿ, ಮಗು ಇಬ್ಬರಿಗೂ ಅಪಾಯ. ಔಷಧಿಯಿಂದ ಚೆನ್ನಾಗಿ ಗುಣವಾಗುತ್ತದೆ.

ತೀರಿಹೋದವರು ಬಂದ ಹಾಗೆ ಅನ್ನಿಸುವುದು ಬೇರೆಯೇ ವಿಷಯ. ಗಂಡನ ಕೆಮ್ಮು ಕೇಳಿದ ಹಾಗೆ, ಅವರ ಕುರ್ಚಿಯಲ್ಲಿ ಅವರೇ ಕೂತ ಹಾಗೆ. ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಇಂಥ ಅನುಭವ ಹೇಳಿಕೊಂಡಿದ್ದರು. ಹಲವರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಅಂಥವರ ಮನೆಯಲ್ಲಿ ನಾವು ಸರಿ ಮಾಡಬೇಕಾದದ್ದು ಏನೂ ಇಲ್ಲ. ಕೂತು ಮಾತಾಡಿಸಿ, ಚಹಾ ಕುಡಿದು ಬನ್ನಿ.

ಇನ್ನು ಹೆಂಚಿನ ಮೇಲೆ ಕಲ್ಲು ಬೀಳುವುದು, ಕಪಾಟಿನೊಳಗಿನ ಬಟ್ಟೆಗೆ ಬೆಂಕಿ ಹತ್ತುವುದು, ಅನ್ನದಲ್ಲಿ ಮಣ್ಣು ಸಿಗುವುದು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ ಇಂಥ ಎಷ್ಟೋ ಮನೆ ನೋಡಿ, ಹಿಂದೆ ಮನುಷ್ಯರ ಕೈ ಇರುವುದನ್ನು ಕಂಡಿದ್ದರು. ನಮ್ಮ ಮಂಗಳೂರಿನಲ್ಲಿ ನರೇಂದ್ರ ನಾಯಕ್ ಮತ್ತು ಅವರ ಸಂಗಡಿಗರು 1970ರ ದಶಕದಿಂದಲೂ ಇಂಥ ಪವಾಡಗಳನ್ನು ಜನರ ಎದುರೇ ಮಾಡಿ ತೋರಿಸುತ್ತಾ ಬಂದಿದ್ದಾರೆ. ನೋಟ್‌ಬುಕ್‌ನಲ್ಲಿ ಯಾರು ಇದ್ದಾಗ ಆಗುತ್ತದೆ, ಯಾರು ಊರಿಗೆ ಹೋದಾಗ ನಿಲ್ಲುತ್ತದೆ ಅಂತ ನೋಡಿದರೆ ಹೆಸರು ಕಾಣುತ್ತದೆ. ಹಲವು ಸಲ ಅದು ಮನೆಯಲ್ಲಿ ಮಾತಿಗೆ ಬೆಲೆ ಇಲ್ಲದ ಒಬ್ಬರು. ಓದಿನ ಒತ್ತಡಕ್ಕೆ ಸಿಕ್ಕ ಹುಡುಗ, ತವರಿಗೆ ಹೋಗಲು ಬಿಡದ ಸೊಸೆ, ಯಾರೋ ಕೈ ಹಾಕುತ್ತಿದ್ದಾರೆ ಅಂತ ಹೇಳಲಾರದ ಹುಡುಗಿ.

ಅಲ್ಲಿ ‘ಸಿಕ್ಕಿಬಿದ್ದ ಕಳ್ಳ’ ಅಂತ ಮೆರೆಯಬೇಡಿ. ನೀವು ಹೊರಟ ಮೇಲೆ ಆ ಮಗು ಆ ಮನೆಯಲ್ಲೇ ಇರಬೇಕು, ಹೊಡೆತ ತಿನ್ನುವುದು ಅದೇ. ಒಬ್ಬರನ್ನೇ ನಂಬಿಕೆಯಿಂದ ಮಾತಾಡಿಸಲು ಮನೆಯ ಸಮಾಧಾನದ ಹಿರಿಯರನ್ನೋ ಶಾಲೆಯ ಟೀಚರನ್ನೋ ಸೇರಿಸಿಕೊಳ್ಳಿ. ಮಗುವಿಗೆ ದೌರ್ಜನ್ಯ ಆಗುತ್ತಿದೆ ಅನ್ನಿಸಿದರೆ 1098, ಹೆಂಗಸರಿಗೆ 181, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಮೂರೂ ನಂಬರನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ. ಯಾರಾದರೂ ದೆವ್ವ ಬಿಡಿಸುತ್ತೇನೆ ಅಂತ ಹೊಡೆದರೆ, ಕಟ್ಟಿಹಾಕಿದರೆ, ಮೆಣಸಿನ ಹೊಗೆ ಹಾಕಿದರೆ ಅದು ಅಪರಾಧ. ಕರ್ನಾಟಕದಲ್ಲಿ ಇದಕ್ಕಾಗಿಯೇ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲೂ ಇದೆ. ಪೊಲೀಸರಿಗೆ ಹೇಳಲು ಹಿಂಜರಿಯಬೇಡಿ.

ಸದ್ದು

ಈಗ ಕಟ್ಟಡ. ನಮ್ಮ ಕಡೆ ಸೋರಿಕೆ ತಡೆಯಲು ತಾರಸಿ ಮೇಲೆ ಶೀಟ್ ಹಾಕದ ಮನೆ ಕಡಿಮೆ. ಮಹಡಿ ಮೇಲೆ ಹೆಜ್ಜೆ ಸದ್ದು ಎಂಬ ದೂರಿಗೆ ನಾನು ಮೊದಲು ನೋಡುವುದು ಈ ಶೀಟನ್ನೇ. 6 ಮೀಟರ್ ಉದ್ದದ ಕಬ್ಬಿಣದ ಶೀಟ್ 20 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗುತ್ತದೆ. ಕೇಳಲು ಚಿಕ್ಕದು. ಆದರೆ ಸ್ಕ್ರೂ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ಎಳೆತ ಜಾಸ್ತಿ ಆದ ಕೂಡಲೇ ಒಮ್ಮೆಲೇ ಜಾರುತ್ತದೆ: ಟಕ್. ಸ್ವಲ್ಪ ಹೊತ್ತು ಬಿಟ್ಟು ಪಕ್ಕದ ಸ್ಕ್ರೂ: ಟಕ್. ಸಾಲಾಗಿ ಹೀಗೇ ಆದರೆ ಕೆಳಗೆ ಮಲಗಿದವರಿಗೆ ಯಾರೋ ನಿಧಾನಕ್ಕೆ ನಡೆದು ಹೋದ ಹಾಗೆಯೇ ಕೇಳುತ್ತದೆ.

ಬಾಯಲ್ಲಿ ವಿವರಿಸಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಮಾಡಿ ತೋರಿಸಬೇಕು. ಒಳ್ಳೆಯ ಬಿಸಿಲಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಮನೆಯವರನ್ನು ಅದೇ ಕೋಣೆಯಲ್ಲಿ, ಫ್ಯಾನ್ ಆಫ್ ಮಾಡಿ ಕೂರಿಸಿ. ನೀವು ತಾರಸಿಯಲ್ಲಿ ನಿಂತು, ಶೀಟ್ ಮೇಲೆ ಹತ್ತದೆ, ಕಾದ ಶೀಟಿಗೆ ಪೈಪಿನಲ್ಲಿ ನೀರು ಬಿಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಬಿಡಿ. ಒಂದು ಕಡೆ ನಾನು ಹೀಗೆ ಮಾಡಿದಾಗ ಕೆಳಗಿನಿಂದ ಕೂಗು ಕೇಳಿತು, “ಇದೇ ಮಾರಾಯ್ರೆ, ಇದೇ ಸದ್ದು! ಈಗ ಬಾತ್‌ರೂಮಿನ ಕಡೆ ಹೋಯ್ತು!” ಆ ಮನೆಯ ಹುಡುಗಿ ಮೇಲೆ ಓಡಿ ಬಂದು ತಾನೇ ಪೈಪ್ ಹಿಡಿದು ಇನ್ನೊಮ್ಮೆ ಮಾಡಿದಳು. ಹೆದರಿಕೆ ಹೋಗುವುದು ಹಾಗೆ, ಸದ್ದನ್ನು ತಾನೇ ಎಬ್ಬಿಸಿದಾಗ.

ಹೆಂಚಿನ ಮನೆಯ ಅಟ್ಟದಲ್ಲಾದರೆ ಹೆಚ್ಚಾಗಿ ಪ್ರಾಣಿ. ಸಂಜೆ ಅಟ್ಟದ ಹಲಗೆಗೆ ಬಚ್ಚಲು ಒಲೆಯ ಬೂದಿಯನ್ನು ತೆಳ್ಳಗೆ ಹರಡಿ, ಬೆಳಿಗ್ಗೆ ಹೆಜ್ಜೆ ನೋಡಿ. ಬೆಕ್ಕಿನಂಥ ಹೆಜ್ಜೆ, ಹತ್ತಿರದಲ್ಲಿ ಬೀಜ ತುಂಬಿದ ಹಿಕ್ಕೆ ಇದ್ದರೆ ಮರಬೆಕ್ಕು. ಉಸಿರು ಎಳೆದ ಹಾಗೆ, ಗೊರಕೆ ಹೊಡೆದ ಹಾಗೆ ರಾತ್ರಿಯಿಡೀ ಕೇಳಿದರೆ ಕಣಜ ಗೂಬೆಯ ಮರಿಗಳು. ಕೆಳಗೆ ಇಲಿಯ ಎಲುಬು, ಕೂದಲು ಸೇರಿದ ಉಂಡೆಗಳು ಬಿದ್ದಿರುತ್ತವೆ. ಗೂಬೆಯನ್ನು ಓಡಿಸಬೇಡಿ, ಕೊಲ್ಲಬೇಡಿ. ಅದಕ್ಕೆ ಕಾನೂನಿನ ರಕ್ಷಣೆ ಇದೆ, ಮೇಲಾಗಿ ಅದು ನಿಮ್ಮ ತೋಟದ ಇಲಿ ತಿನ್ನುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿ ಹಾರಿಹೋಗುತ್ತದೆ. ಆಮೇಲೆ ಜರುಗಿದ ಹೆಂಚು ಸರಿ ಮಾಡಿ ಸಂದಿ ಮುಚ್ಚಿ. ಹೊರಗೆ ಮರ ಕಡಿದ ಹಾಗೆ ಟಕ್ ಟಕ್ ಕೇಳಿದರೆ ನತ್ತಿಂಗ ಹಕ್ಕಿ ಇರಬಹುದು.

ಗೋಡೆಯೊಳಗೆ ಗುದ್ದಿದ ಸದ್ದು ಬಂದರೆ ಪಂಪ್ ನಿಂತ ಹೊತ್ತನ್ನು ನೋಡಿ. ಪೈಪಿನ ವಾಲ್ವ್ ಹಾಳಾದರೆ ನೀರು ಹಿಂದಕ್ಕೆ ಬಿದ್ದು ಪೈಪನ್ನು ಗುದ್ದುತ್ತದೆ. ತಾನಾಗಿ ತೆರೆಯುವ ಬಾಗಿಲಿಗೆ ದಾರಕ್ಕೆ ಒಂದು ನಟ್ ಕಟ್ಟಿ ಚೌಕಟ್ಟಿನ ಪಕ್ಕ ಇಳಿಬಿಡಿ. ಮನೆ ಕೂತು ಚೌಕಟ್ಟು ವಾಲಿದ್ದರೆ ಕಣ್ಣಿಗೇ ಕಾಣುತ್ತದೆ.

ಕಿವಿಗೆ ಕೇಳದ ಸದ್ದಿನ ಬಗ್ಗೆಯೂ ಹೇಳಬೇಕು. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್‌ಗೆ ಲ್ಯಾಬಿನಲ್ಲಿ ಮೈ ಜುಮ್ಮೆಂದು, ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಿತ್ತು. ಮರುದಿನ ಕತ್ತಿವರಸೆಯ ಕತ್ತಿಯೊಂದನ್ನು ವೈಸಿಗೆ ಬಿಗಿದಾಗ ಅದು ತಾನಾಗಿ ನಡುಗತೊಡಗಿತು. ಹೊಸದಾಗಿ ಹಾಕಿದ ಎಕ್ಸಾಸ್ಟ್ ಫ್ಯಾನ್ ಸುಮಾರು 19 ಹರ್ಟ್ಜ್‌ನ ಕಂಪನ ಎಬ್ಬಿಸುತ್ತಿತ್ತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹಾಗಂತ ಎಲ್ಲ ಮನೆಗೂ ಇದೇ ಕಾರಣ ಅಂತ ಹಾರಬೇಡಿ. ದೊಡ್ಡ ಫ್ಯಾನ್, ಕಂಪ್ರೆಸರ್, ಐಸ್ ಪ್ಲಾಂಟ್ ಹತ್ತಿರ ಇದ್ದರೆ ಅದನ್ನು ಆಫ್ ಮಾಡಿಸಿ ವ್ಯತ್ಯಾಸ ನೋಡಿ, ಅಷ್ಟೇ. ಫೋನಿನ ಮೈಕ್ ಅಷ್ಟು ಕೆಳಗಿನ ಸದ್ದನ್ನು ಅಳೆಯಲು ಸಾಲದು.

ಲೈಟು, ಬೆಳಕು

ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಂಕಾಗಿ ಉರಿಯುವುದು ಅಥವಾ ಆಗಾಗ ಮಿಣಕ್ ಅನ್ನುವುದು ನಾನು ಎಲ್ಲಕ್ಕಿಂತ ಜಾಸ್ತಿ ನೋಡುವ ದೂರು. ಮೂರು ಕಾರಣ ಇರುತ್ತದೆ. ಸ್ವಿಚ್ಚಿನಲ್ಲೇ ಸಣ್ಣ ಇಂಡಿಕೇಟರ್ ಇದ್ದು ಅದರ ಮೂಲಕ ಚೂರು ಕರೆಂಟ್ ಹರಿಯುವುದು. ಮೆಟ್ಟಿಲ ಟೂ ವೇ ಸ್ವಿಚ್ಚಿನ ಉದ್ದ ವೈರುಗಳು ಅಕ್ಕಪಕ್ಕ ಹೋಗಿ ಒಂದರಿಂದ ಇನ್ನೊಂದಕ್ಕೆ ಕರೆಂಟ್ ಹಾಯುವುದು. ಇಲ್ಲವೇ ಫೇಸ್ (ಕರೆಂಟ್ ತರುವ ವೈರ್) ಬದಲು ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುವುದು. ಬಲ್ಬಿನೊಳಗಿನ ಕೆಪಾಸಿಟರ್ ಈ ಚೂರು ಕರೆಂಟನ್ನು ಕೂಡಿಸಿಕೊಂಡು, ತುಂಬಿದಾಗ ಒಮ್ಮೆ ಮಿನುಗುತ್ತದೆ. ಹಳೇ ಬುರುಡೆ ಬಲ್ಬಿಗೆ ಅಷ್ಟು ಕರೆಂಟ್ ಸಾಲುತ್ತಿರಲಿಲ್ಲ, ಹಾಗಾಗಿ ಅಪ್ಪನ ಕಾಲದಲ್ಲಿ ಈ ‘ಉಪದ್ರ’ ಇರಲಿಲ್ಲ. ಮೂರನೆಯ ಕಾರಣವಾದರೆ ರಿಪೇರಿ ಆಗಲೇಬೇಕು. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ಜೀವಂತ ಇರುತ್ತದೆ.

ಕರೆಂಟ್ ಹೋಗಿ ಬಂದಾಗ ಟಿವಿ, ರಿಮೋಟ್ ಫ್ಯಾನ್ ತಾನಾಗಿ ಆನ್ ಆಗುವುದು ಅವುಗಳ ಸೆಟ್ಟಿಂಗ್. ವೈರ್ ಇಲ್ಲದ ಕಾಲಿಂಗ್ ಬೆಲ್ ಪಕ್ಕದ ಮನೆಯ ಬಟನ್ನಿಗೂ ಹೊಡೆದುಕೊಳ್ಳಬಹುದು.

ಸಿಸಿಟಿವಿಯಲ್ಲಿ ರಾತ್ರಿ ತೇಲುವ ಬಿಳಿ ಗೋಲ ಕಂಡರೆ ಕ್ಯಾಮೆರಾದ ಕೆಳಗೆ ಒಂದು ಹಳೇ ಬಟ್ಟೆ ಕೊಡವಿ, ಆಗಿನ ರೆಕಾರ್ಡಿಂಗ್ ನೋಡಿ. ಲೆನ್ಸಿನ ಪಕ್ಕದಲ್ಲೇ ಇನ್‌ಫ್ರಾರೆಡ್ ದೀಪ ಇರುವುದರಿಂದ ಹತ್ತಿರದ ಧೂಳು, ಹುಳ, ಮಳೆಹನಿ ಎಲ್ಲ ದೊಡ್ಡ ಗೋಲವಾಗಿ ಕಾಣುತ್ತದೆ. ಉದ್ದ ಬಿಳಿ ಎಳೆ ಅಲ್ಲಾಡಿದರೆ ಜೇಡರ ಬಲೆ. ಫೋನಿನ ನೈಟ್ ಮೋಡ್ ಕೆಲವು ಸೆಕೆಂಡ್ ಬೆಳಕು ಹಿಡಿಯುತ್ತದೆ. ನಡುವೆ ಯಾರಾದರೂ ದಾಟಿದರೆ ಪಾರದರ್ಶಕ ಮನುಷ್ಯ ಬರುತ್ತಾನೆ.

ದೂರದ ಗದ್ದೆಯಲ್ಲಿ ಅಲೆಯುವ ಕೊಳ್ಳಿದೆವ್ವಕ್ಕೆ ಮೊದಲ ಮಳೆಯ ರಾತ್ರಿಗಳಲ್ಲಿ ಉತ್ತರ ಸುಲಭ. ಮೀನು, ಏಡಿ ಹಿಡಿಯುವವರ ಟಾರ್ಚ್.

ವಾಸನೆ

ಹೂವಿನ ಪರಿಮಳ ಅಂದರೆ ಸುತ್ತ ಮರ ನೋಡಿ. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುತ್ತೇವಲ್ಲ, ಆ ಹಾಲೆ ಮರ ಮಳೆ ಮುಗಿದ ಮೇಲೆ ಹೂ ಬಿಟ್ಟರೆ ರಾತ್ರಿ ತಲೆ ಸುತ್ತುವಷ್ಟು ಘಾಟು. ಅನ್ನ ಬೆಂದ ಹಾಗೆ ಪರಿಮಳ ಬಂದರೆ ಮರಬೆಕ್ಕು ಗುರುತು ಬಿಟ್ಟು ಹೋಗಿರುತ್ತದೆ. ಸುಟ್ಟ ಪ್ಲಾಸ್ಟಿಕ್ ಅಥವಾ ಮೀನಿನಂಥ ವಾಸನೆ ಸ್ವಿಚ್‌ಬೋರ್ಡಿನ ಹತ್ತಿರ ಬಂದರೆ ಮೈನ್ ಆಫ್ ಮಾಡಿ. ವೈರ್ ಬಿಸಿಯಾಗುತ್ತಿದೆ.

ಉಪಕರಣಗಳು

‘ಘೋಸ್ಟ್ ಡಿಟೆಕ್ಟರ್’ ಆ್ಯಪ್‌ಗಳನ್ನು ನಂಬಬೇಡಿ. ಫೋನಿನಲ್ಲಿ ಇರುವುದು ದಿಕ್ಸೂಚಿಗಾಗಿ ಇಟ್ಟ ಆಯಸ್ಕಾಂತ ಸಂವೇದಕ. ನಮ್ಮ ಊರಲ್ಲಿ ಭೂಮಿಯ ಆಯಸ್ಕಾಂತ ಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ ಇದೆ. ಕಬ್ಬಿಣದ ಗ್ರಿಲ್, ಸ್ಪೀಕರ್ ಹತ್ತಿರ ಹೋದರೆ ಅಂಕಿ ಏರುತ್ತದೆ. ಲೈಟ್ ಮಿನುಗುವ ಇಎಂಎಫ್ (ವಿದ್ಯುತ್ಕಾಂತ ಕ್ಷೇತ್ರ) ಮೀಟರ್ ಹೇಳುವುದು ವೈರ್ ಎಲ್ಲಿದೆ ಅಂತ. ನಾನೂ ಗೋಡೆಯೊಳಗಿನ ವೈರ್ ಹುಡುಕಲು ಅಂಥದ್ದನ್ನೇ ಬಳಸುತ್ತೇನೆ. ಗನ್ನಿನ ಹಾಗಿರುವ ಥರ್ಮಾಮೀಟರ್ ಗೋಡೆಯ ಬಿಸಿ ತೋರಿಸುತ್ತದೆ, ಗಾಳಿಯದ್ದಲ್ಲ. ಹಾಗಾಗಿ ಕೋಣೆಯ ನಡುವೆ ‘ತಣ್ಣಗಿನ ಜಾಗ’ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಊದುಬತ್ತಿ ಸಾಕು, ಹೊಗೆ ವಾಲಿದ ಕಡೆಯಿಂದ ಗಾಳಿ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ.

ಹಾಸ್ಟೆಲ್ ಹುಡುಗರ ಪ್ಲಾಂಚೆಟ್‌ಗೂ (ಅಕ್ಷರದ ಹಲಗೆ ಇಟ್ಟು ಆತ್ಮ ಕರೆಯುವ ಆಟ) ಪರೀಕ್ಷೆ ಇದೆ. ಬೆರಳು ಇಟ್ಟವರ ಕಣ್ಣು ಕಟ್ಟಿ, ಹಲಗೆ ತಿರುಗಿಸಿ ಇಡಿ. ಅಕ್ಷರಗಳು ಅರ್ಥವಿಲ್ಲದೆ ಬರತೊಡಗುತ್ತವೆ. ಬೆರಳಿಗೆ ಗೊತ್ತಿಲ್ಲದೆಯೇ ನಾವೇ ತಳ್ಳುತ್ತೇವೆ ಎಂದು ವಿಜ್ಞಾನಿ ಮೈಕೆಲ್ ಫ್ಯಾರಡೆ 1853ರಲ್ಲೇ ಮೇಜು ತಿರುಗುವ ಆಟದಲ್ಲಿ ತೋರಿಸಿದ್ದರು.

ರಾತ್ರಿ ಕೂರುವುದಾದರೆ ಒಬ್ಬರೇ ಬೇಡ. ಮನೆಯ ಮಕ್ಕಳನ್ನು ಆ ದಿನ ನೆಂಟರ ಮನೆಗೆ ಕಳಿಸಿ. ಖಾಲಿ ಕಟ್ಟಡವಾದರೆ ಪಕ್ಕದ ಮನೆಯವರಿಗೂ ಠಾಣೆಗೂ ಮೊದಲೇ ತಿಳಿಸಿ. ಸದ್ದು ರೆಕಾರ್ಡ್ ಮಾಡುವಾಗ ನಿಮ್ಮದೇ ಕೆಮ್ಮು, ಕುರ್ಚಿ ಸದ್ದು ಆದ ಕೂಡಲೇ “ಇದು ನಾನು” ಅಂತ ಬಾಯಿಬಿಟ್ಟು ಹೇಳಿ. ಫೋನಿನ ರೆಕಾರ್ಡರ್ ಮೌನದಲ್ಲಿ ಸದ್ದನ್ನು ತಾನಾಗಿ ಏರಿಸುತ್ತದೆ, ಆಮೇಲೆ ಕೇಳುವಾಗ ನಿಮ್ಮದೇ ಉಸಿರು ಯಾರೋ ಪಿಸುಗುಟ್ಟಿದ ಹಾಗೆ ಆಗುತ್ತದೆ.

ಮನೆಯವರಿಗೆ ಏನು ಹೇಳಬೇಕು

ಮಾಡಿ ತೋರಿಸಲು ಆದದ್ದನ್ನು ಮಾತ್ರ ‘ಕಾರಣ ಸಿಕ್ಕಿತು’ ಅಂತ ಹೇಳಿ. ಶೀಟಿನ ಸದ್ದು ಎಬ್ಬಿಸಿ ತೋರಿಸಿದ್ದರೆ ಅದು ಸಿಕ್ಕಿದ ಹಾಗೆ. ಬೂದಿಯಲ್ಲಿ ಹೆಜ್ಜೆ ಬೀಳದೆ ಬರೀ ಹಿಕ್ಕೆ ಕಂಡಿದ್ದರೆ ‘ಮರಬೆಕ್ಕು ಇರಬಹುದು’ ಅಷ್ಟೇ. ಉಳಿದದ್ದಕ್ಕೆ ‘ನಾನು ನೋಡಿದ ಮಟ್ಟಿಗೆ ಗೊತ್ತಾಗಲಿಲ್ಲ’ ಅನ್ನಿ. ಗೊತ್ತಾಗಲಿಲ್ಲ ಅಂದರೆ ದೆವ್ವ ಇದೆ ಅಂತ ಆಗುವುದಿಲ್ಲ, ಮನೆಯವರು ಸುಳ್ಳು ಹೇಳಿದರು ಅಂತಲೂ ಆಗುವುದಿಲ್ಲ. ಅರ್ಧ ಗೊತ್ತಾದದ್ದನ್ನು ಪೂರ್ತಿ ಗೊತ್ತಾದ ಹಾಗೆ ಹೇಳಿದರೆ, ಸದ್ದು ಮತ್ತೆ ಕೇಳಿದ ದಿನ ಅವರಿಗೆ ನಿಮ್ಮ ಮೇಲೂ ನಂಬಿಕೆ ಹೋಗುತ್ತದೆ, ಹೆದರಿಕೆಯೂ ಮೊದಲಿಗಿಂತ ಜಾಸ್ತಿ ಆಗುತ್ತದೆ.

ಹೆದರಿದವರ ಹತ್ತಿರ ದೊಡ್ಡ ಮೊತ್ತ ಕೇಳಬೇಡಿ. ವೈರಿಂಗ್ ಮಾಡಿದರೆ ವೈರಿಂಗಿನ ಕೂಲಿ ತಗೊಳ್ಳಿ. ಮನೆಯ ಹೆಸರು, ಫೋಟೋ, ಜಾಗ ಎಲ್ಲೂ ಹಾಕಬೇಡಿ. ‘ದೆವ್ವದ ಮನೆ’ ಅಂತ ಒಮ್ಮೆ ಊರಲ್ಲಿ ಹಬ್ಬಿದರೆ ಆ ಮನೆಗೆ ಬಾಡಿಗೆಗೆ ಯಾರೂ ಬರುವುದಿಲ್ಲ, ಆ ಮನೆಯ ಹುಡುಗಿಗೆ ಸಂಬಂಧ ಕೂಡಿ ಬರುವುದೂ ಕಷ್ಟ.

ರಿಪೇರಿ ಆದ ಮೇಲೆ ನೋಟ್‌ಬುಕ್ ಅವರ ಹತ್ತಿರವೇ ಇರಲಿ. ಒಂದು ಬೇಸಿಗೆ, ಒಂದು ಮಳೆಗಾಲ ಬರೆಯುತ್ತಾ ಇರಲಿ. ದೂರು ಮತ್ತೆ ಬಂದರೆ ನೇರ ಅಟ್ಟ ಹತ್ತಬೇಡಿ, ಗೀಸರ್ ಮತ್ತು ಅರ್ಥಿಂಗ್‌ನಿಂದಲೇ ಮತ್ತೆ ಶುರು ಮಾಡಿ. ರೆಕಾರ್ಡಿಂಗ್‌ಗಳನ್ನು ಮನೆಯವರಿಗೆ ಕೊಟ್ಟು, ಅವರ ಎದುರೇ ನಿಮ್ಮ ಫೋನಿನಿಂದ ಅಳಿಸಿಬಿಡಿ.